ಅಣ್ಣ ಕೊಡಿಸಿದ ಮನೆ

"ಬಟ್ಟೆ ಹಿಂದೆ ಯಾಕೆ ಒಣಹಾಕ್ತೀಯ? ಮುಂದೆ ಹಾಕು" ಎಂದ ಅಣ್ಣ.

ಬಜಾರಿ ತನ್ನ ಕಿವಿಯನ್ನು ತಾನೇ ನಂಬಲಿಲ್ಲ. ಅವಳ ಬಕೆಟ್ಟಿನಲ್ಲಿದ್ದದ್ದು ಗಂಡ ಮ್ಯಾನ್‌ಹೋಲಿಗೆ ಇಳಿಯುವಾಗ ಹಾಕಿಕೊಳ್ಳುವ ಚಡ್ಡಿ, ಬನಿಯನ್ನು. ಸೋಪು ಹಾಕಿ, ಸೋಡಾ ಹಾಕಿ, ಕಲ್ಲಿಗೆ ಬಡಿದು ಒಗೆದರೂ ಅವುಗಳ ನಾತ ಹೋಗುತ್ತಿರಲಿಲ್ಲ. ಮದುವೆಯಾದಾಗಿನಿಂದ ಆ ಬಟ್ಟೆಗಳನ್ನು ನಾಲ್ಕು ಜನ ಕಾಣದ ಮೂಲೆ ಹುಡುಕಿ ಒಣಗಿಸಿದವಳು ಅವಳು.

"ಬೇಡ ಅಣ್ಣ. ಮುಂದೆ ಎಲ್ಲಾರೂ ಓಡಾಡ್ತಾರೆ."

"ಓಡಾಡ್ಲಿ. ನೀನೇನು ಕದ್ದು ತಂದಿದೀಯಾ? ದುಡಿಯೋ ಬಟ್ಟೆ ತಾನೆ? ಆ ಬಿದಿರು ಗಳ, ಹಗ್ಗ, ಕೆಸರು ಎತ್ತೋ ಬಕೆಟ್ಟು, ಎಲ್ಲಾ ಗೇಟ್ ಹತ್ರಾನೇ ಇಡಿ. ಸಂಕೋಚ ಪಡಬೇಡಿ ತಂಗಿ. ನಿಮಗೂ ಹಕ್ಕಿದೆ."

ಹಕ್ಕು ಎಂಬ ಮಾತನ್ನು ಅವಳ ಮುಖ ನೋಡಿ ಅದುವರೆಗೆ ಯಾರೂ ಆಡಿರಲಿಲ್ಲ. ಅವಳ ಎದೆ ಉಬ್ಬಿತು. ಬಕೆಟ್ಟು ಎತ್ತಿಕೊಂಡು ಮುಂದಿನ ಅಂಗಳಕ್ಕೆ ಬಂದಳು. ಗೇಟಿನಿಂದ ಕಿಟಕಿಯ ಸರಳಿಗೆ ಕಟ್ಟಿದ್ದ ಹಗ್ಗದ ಮೇಲೆ ಚಡ್ಡಿ, ಬನಿಯನ್ನು, ತಲೆಗೆ ಸುತ್ತುವ ಬಟ್ಟೆ ಎಲ್ಲವನ್ನೂ ಹರವಿದಳು. ಎದುರು ಮನೆಯ ಗುಮಾಸ್ತನ ಹೆಂಡತಿ ಪಟ್ಟನೆ ಕಿಟಕಿ ಮುಚ್ಚಿಕೊಂಡಳು. ಮುಚ್ಚಿಕೊಳ್ಳಲಿ ಬಿಡು ಅಂದುಕೊಂಡಳು ಬಜಾರಿ. ಅವಳ ಬೆನ್ನ ಹಿಂದೆ ಅಣ್ಣ ಇದ್ದ.

ಬಜಾರಿ ಅನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಅವಳು ಬಸ್ ಸ್ಟ್ಯಾಂಡಿನ ಕಕ್ಕಸು ತೊಳೆಯುವವಳು. ಒಮ್ಮೆ, ಆಗಷ್ಟೇ ಒರೆಸಿದ ನೆಲದ ಮೇಲೆ, ಶರಟು ಇನ್ ಮಾಡಿದವನೊಬ್ಬ ಅವಳನ್ನು ನೋಡುತ್ತಲೇ ಉಗಿದಿದ್ದ. ಅವನ ದಾರಿಗೆ ಅಡ್ಡ ನಿಂತು, ಅವನ ಕರ್ಚೀಫಿನಿಂದಲೇ ಅದನ್ನು ಒರೆಸುವಂತೆ ಮಾಡಿದ್ದಳು. ಅಂದಿನಿಂದ ಸ್ಟ್ಯಾಂಡಿನವರ ಬಾಯಲ್ಲಿ ಬಜಾರಿಯಾದಳು. ಆಮೇಲೆ ಮನೆಯವರೂ ಹಾಗೇ ಕರೆಯತೊಡಗಿದರು. ಆದರೆ ಅಂಥ ಬಾಯಿಗೂ ಬೀಗ ಬೀಳುವ ಒಂದು ಹೊತ್ತಿತ್ತು. ಅದು ಬಾಡಿಗೆ ಮನೆ ಕೇಳಲು ಹೋದ ಹೊತ್ತು.

"ಏನ್ ಕೆಲಸ?" ಎಂದು ಕೇಳುತ್ತಿದ್ದರು. ಹೇಳಿದರೆ, "ಅಯ್ಯೋ, ಮೊನ್ನೆ ತಾನೆ ಬೇರೆಯವರಿಗೆ ಮಾತು ಕೊಟ್ಬಿಟ್ವಲ್ಲಾ" ಅನ್ನುತ್ತಿದ್ದರು. ಅವರ ತಲೆಯ ಮೇಲೆಯೇ ಬಾಡಿಗೆಗಿದೆ ಎಂಬ ಬೋರ್ಡು ನೇತಾಡುತ್ತಿರುತ್ತಿತ್ತು. ಆ ಬೋರ್ಡು ತಿಂಗಳುಗಟ್ಟಲೆ ಅಲ್ಲೇ ಇರುತ್ತಿತ್ತು. ಮೊನ್ನೆ ಮಾತು ಪಡೆದ ಬೇರೆಯವರು ಮಾತ್ರ ಬರುತ್ತಿರಲಿಲ್ಲ. ಕೆಲಸ ಮುಚ್ಚಿಟ್ಟು ಹೊಕ್ಕ ಮನೆಯೊಂದರಲ್ಲಿ ವಾರ ತುಂಬುವ ಮೊದಲೇ ಗುಟ್ಟು ಗೊತ್ತಾಗಿ, ಪಾತ್ರೆ ಪಗಡ ಬೀದಿಗೆ ಬಂದಿದ್ದವು.

ಹಾಗಾಗಿ ದೊಡ್ಡ ಮೋರಿಯ ದಂಡೆಯಲ್ಲಿ ತಗಡು ಹೊದಿಸಿಕೊಂಡು ಬದುಕಿದರು. ಮಂಡಿ ಹಿಡಿದ ಅತ್ತೆ, ಬೆಳಕು ಹರಿಯುವ ಮೊದಲೇ ಕೋಲೂರಿ ಪೊದೆಯ ಹಿಂದಕ್ಕೆ ಹೋಗಬೇಕಿತ್ತು. ಅತ್ತೆಯ ಅತ್ತೆ ಮಲ ಹೊತ್ತವಳು. ಅತ್ತೆಯೂ ಹೊತ್ತವಳು. ಸೊಸೆ ಕಕ್ಕಸು ತೊಳೆಯುವವಳು, ಮಗ ಗುಂಡಿಗೆ ಇಳಿಯುವವನು. ಊರಿನ ಹೊಲಸನ್ನೆಲ್ಲ ಬಳಿದ ಮನೆತನಕ್ಕೆ ಕೂರಲು ಒಂದು ಕಕ್ಕಸಿರಲಿಲ್ಲ. ಇದನ್ನು ಯಾರಾದರೂ ಕೇಳಿದರೆ ನಗುತ್ತಾರೋ ಅಳುತ್ತಾರೋ ಗೊತ್ತಿಲ್ಲ. ಯಾರೂ ಕೇಳಲಿಲ್ಲ.

ಅಣ್ಣ ಸಿಕ್ಕಿದ್ದು ಆಗ. ಒಂದು ಬೀದಿಯಲ್ಲಿ ಗಂಡ ಮ್ಯಾನ್‌ಹೋಲಿನಿಂದ ಕತ್ತು ಹೊರಗೆ ಹಾಕಿ ಉಸಿರು ಎಳೆದುಕೊಳ್ಳುತ್ತಿದ್ದ. ಕಣ್ಣು, ಕಿವಿ, ಬಾಯಿಯ ಅಂಚು, ಎಲ್ಲೆಲ್ಲೂ ಕಪ್ಪು ಕೆಸರು. ದಾರಿಯಲ್ಲಿ ಹೋಗುವವರು ಮೂಗು ಮುಚ್ಚಿಕೊಂಡು ದಾಟುತ್ತಿದ್ದರು. ಬಿಳಿ ಶರಟಿನ ಒಬ್ಬ ಮಾತ್ರ ನಿಂತ. ಮೂಗು ಮುಚ್ಚಿಕೊಂಡವರನ್ನೂ ನೋಡಿದ, ಗುಂಡಿಯಲ್ಲಿದ್ದವನನ್ನೂ ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ, "ಎಲ್ಲಿದೆಯಪ್ಪ ಮನೆ?" ಎಂದು ಕೇಳಿದ. ಮೋರಿ ಅಂದಾಗ, "ಛೆ, ಛೆ" ಅಂದ. "ನಾನು ಕೊಡಿಸ್ತೀನಿ. ನನ್ನನ್ನ ಅಣ್ಣ ಅಂತಾನೇ ಕರೀರಿ" ಅಂದ.

ಕೊಡಿಸಿದ. ಮೂರು ಸಂಸಾರದ ಒಂದು ಹಳೆಯ ಕಟ್ಟಡದಲ್ಲಿ ಕೆಳಗಿನ ಮನೆಯನ್ನು ತನ್ನ ಹೆಸರಿನಲ್ಲಿ ಹಿಡಿದು, ಇವರನ್ನು ಅಲ್ಲಿ ಕೂರಿಸಿದ. ತಿಂಗಳು ತಿಂಗಳು ಬಾಡಿಗೆಯನ್ನು ಇವರು ತಪ್ಪದೆ ಅವನ ಕೈಗೆ ಕೊಟ್ಟರು. ಸ್ವಲ್ಪ ದಿನಕ್ಕೆ ಮೇಲಿನವರು ಖಾಲಿ ಮಾಡಿದರು, ಪಕ್ಕದವರು ಖಾಲಿ ಮಾಡಿದರು. ಮುದುಕ ಮಾಲೀಕ ಕಟ್ಟಡವನ್ನೇ ಅಣ್ಣನಿಗೆ ಮಾರಿ ಮಗಳ ಊರಿಗೆ ಹೋದ. "ರಿಪೇರಿ ಮಾಡಿಸ್ಬೇಕು. ಅಲ್ಲೀವರೆಗೆ ಇನ್ನೊಂದು ಮನೆ ನೋಡಿದ್ದೀನಿ" ಎಂದ ಅಣ್ಣ. ಇನ್ನೊಂದರಲ್ಲೂ ಹಾಗೇ ಆಯಿತು. ಮತ್ತೆ ಇನ್ನೊಂದು ಮನೆ ನೋಡಿದ. ಒಂದು ದಿನ ಬಜಾರಿ ಆ ಮೊದಲನೆಯ ಕಟ್ಟಡದ ಮುಂದೆ ಹಾದುಹೋದಳು. ಹೊಸ ಬಣ್ಣ, ಹೊಸ ಗ್ರಿಲ್ಲು, ಬಾಗಿಲಲ್ಲಿ ವಾಚ್‌ಮ್ಯಾನು. ನಿಂತು ನೋಡಿದ್ದಕ್ಕೆ ಅವನು ಗದರಿ ಓಡಿಸಿದ. ರಿಪೇರಿ ಮುಗಿದದ್ದನ್ನು ಹೇಳಲು ಅಣ್ಣ ಮರೆತಿರಬೇಕು ಅಂದುಕೊಂಡಳು. ಬೇರೆ ಯಾರ ವಿಷಯದಲ್ಲಾದರೂ ಅವಳು ಹಾಗೆ ಅಂದುಕೊಳ್ಳುವವಳಲ್ಲ.

ಈಗಿನದು ಮೂರನೆಯ ಕಟ್ಟಡ. ಒಂದು ಅಂಗಳ, ಒಂದು ನಲ್ಲಿ, ಸುತ್ತ ನಾಲ್ಕು ಮನೆ. ಒಂದರಲ್ಲಿ ಒಡತಿ ಹೊಲಿಗೆಯಮ್ಮ. ಗಂಡ ಸತ್ತ ಮೇಲೆ ಮಷೀನು ತುಳಿದು ತುಳಿದು ಆ ಕಟ್ಟಡ ಎಬ್ಬಿಸಿದವಳು. ಕಣ್ಣು ಮಂದವಾಗಿ ಹೊಲಿಗೆ ಕಡಿಮೆಯಾಗಿತ್ತು. ಬಾಡಿಗೆಯೇ ಅವಳ ಊಟ, ಔಷಧಿ. ಎರಡನೆಯದರಲ್ಲಿ ಗುಮಾಸ್ತನ ಸಂಸಾರ, ಮೂರನೆಯದರಲ್ಲಿ ಬಸ್ ಡ್ರೈವರನ ಸಂಸಾರ. ನಾಲ್ಕನೆಯದು ಇವರದು. ಒಳಗೇ ಕಕ್ಕಸು, ಚಿಲಕ ಹಾಕುವ ಬಾಗಿಲು. ಮೊದಲ ದಿನ ಅತ್ತೆ ಒಳಗೆ ಹೋದವಳು ಹೊರಗೆ ಬರಲೇ ಇಲ್ಲ. ಏನಾಯಿತೋ ಎಂದು ಬಜಾರಿ ಬಾಗಿಲು ಬಡಿದರೆ, "ಸುಮ್ನೆ ಕೂತಿದೀನಿ ಕಣೇ. ಯಾರೂ ಕೂಗದ ಜಾಗ ಇದು" ಅಂದಳು.

ಗಂಡ ಮೊದಲೆಲ್ಲ ಕೆಲಸ ಮುಗಿಸಿ ಪಂಪ್‌ಹೌಸಿನ ನಲ್ಲಿಯಲ್ಲಿ ಮೈ ತೊಳೆದುಕೊಂಡು, ಬೇರೆ ಬಟ್ಟೆ ಹಾಕಿಕೊಂಡೇ ಮನೆಗೆ ಬರುತ್ತಿದ್ದ. "ಯಾಕೆ ಅಲ್ಲಿ ಒದ್ದಾಡ್ತೀಯ? ಸೀದಾ ಮನೆಗೆ ಬಾ. ನಿನ್ನದೇ ಮನೆ, ನಿನ್ನದೇ ನಲ್ಲಿ" ಎಂದು ಅದನ್ನೂ ಅಣ್ಣನೇ ತಪ್ಪಿಸಿದ. ಈಗ ಅವನು ಒದ್ದೆ ಬಟ್ಟೆಯಲ್ಲೇ ಗೇಟು ದಾಟಿ ಬಂದು ಅಂಗಳದ ನಲ್ಲಿಯಡಿ ಕೂರುತ್ತಿದ್ದ. ಬಜಾರಿ ಅವನ ಬೆನ್ನು ತಿಕ್ಕುತ್ತಿದ್ದಳು. ಗುಂಡಿಗೆ ಇಳಿಸುವ ಹಗ್ಗ ಉಜ್ಜಿ ಅವನ ಕಂಕುಳಲ್ಲಿ ಹುಣ್ಣಾಗಿತ್ತು. ಕಾಲಿನಲ್ಲಿ ಗಾಜು ಚುಚ್ಚಿದ ಗಾಯ ಮಾಯುವ ಮೊದಲೇ ಇನ್ನೊಂದು ಬರುತ್ತಿತ್ತು. ಅವನು ಕಣ್ಣು ಮುಚ್ಚಿ ಕೂತಿರುತ್ತಿದ್ದ. ಗುಮಾಸ್ತನ ಹೆಂಡತಿ ಕೊಡ ಹಿಡಿದು ದೂರ ನಿಂತು ಕಾಯುತ್ತಿದ್ದಳು. ಇವರು ಎದ್ದ ಮೇಲೆ ನಲ್ಲಿಯನ್ನು ಸೋಪು ಹಾಕಿ ತೊಳೆಯುತ್ತಿದ್ದಳು. ಡ್ರೈವರನ ಹೆಂಡತಿ ಅದನ್ನೂ ಮಾಡಲಿಲ್ಲ. ಬೀದಿಯ ನಲ್ಲಿಗೆ ಹೋಗತೊಡಗಿದಳು.

ಬಜಾರಿ ಒಮ್ಮೆ ರವಿಕೆಯ ಬಟ್ಟೆ ಹಿಡಿದು ಹೊಲಿಗೆಯಮ್ಮನ ಬಾಗಿಲಿಗೆ ಹೋದಳು. "ಮಷೀನ್ ಕೆಟ್ಟಿದೆ" ಅಂದಳು ಹೊಲಿಗೆಯಮ್ಮ. ಸೂಜಿಯಲ್ಲಿ ದಾರವಿತ್ತು. ಅವಳ ಕಾಲು ತುಳಿಯುವ ಹಲಗೆಯ ಮೇಲೇ ಇತ್ತು. ಬಜಾರಿ ಬಟ್ಟೆ ಮಡಚಿಕೊಂಡು ಬಂದಳು. ಅವಳು ಬಾಗಿಲು ದಾಟುವ ಮೊದಲೇ ಮಷೀನು ಓಡಿದ ಸದ್ದು ಕೇಳಿಸಿತು. ಬಸ್ ಸ್ಟ್ಯಾಂಡಾಗಿದ್ದರೆ ಅಲ್ಲೇ ನೀರಿಳಿಸುತ್ತಿದ್ದಳು. ಅತ್ತೆಯ ಕಕ್ಕಸು ಕಣ್ಣ ಮುಂದೆ ಬಂದು ಮಾತು ನುಂಗಿಕೊಂಡಳು.

ಮೊದಲು ಡ್ರೈವರನ ಸಂಸಾರ ಖಾಲಿ ಮಾಡಿತು. ಆಮೇಲೆ ಗುಮಾಸ್ತನದು. ಗುಮಾಸ್ತ ಹೋಗುವಾಗ ಬಜಾರಿಗೂ ಕೇಳುವಂತೆ ಹೊಲಿಗೆಯಮ್ಮನಿಗೆ, "ನಿಮ್ಮದು ತಪ್ಪಲ್ಲಮ್ಮಾ, ಆದ್ರೆ ಮಕ್ಕಳಿರೋ ಮನೆ" ಅಂದ. ಮನೆ ನೋಡಲು ಬಂದವರು ಗೇಟಿನ ಹತ್ತಿರದ ಬಿದಿರು ಗಳ, ಹಗ್ಗದ ಮೇಲಿನ ಚಡ್ಡಿ ನೋಡಿ, ಒಳಗೆ ಕಾಲಿಡದೆ ತಿರುಗಿದರು. ಬೋರ್ಡು ನೇತಾಡುತ್ತಲೇ ಇತ್ತು. ಅಣ್ಣ ಆಗಾಗ ಬಂದು ಹೊಲಿಗೆಯಮ್ಮನ ಹತ್ತಿರ ಕೂತು ಮಾತಾಡಿ ಹೋಗುತ್ತಿದ್ದ. ಹೋಗುವಾಗ ಹಗ್ಗದ ಕಡೆ ನೋಡಿ, "ಶಭಾಷ್ ತಂಗಿ" ಅನ್ನುತ್ತಿದ್ದ.

ಒಂದು ದಿನ, "ಭಾನುವಾರ ನಂದೊಂದು ಕ್ಲಾಸ್ ಇದೆ. ಹಾಲ್ ಗುಡಿಸಿ, ಕಕ್ಕಸು ತೊಳೆದು, ಟೀ ಕುಡಿದ ಲೋಟ ಎತ್ತಬೇಕು. ಹೊರಗಿನವರಿಗೆ ಯಾಕೆ ಕೊಡೋದು, ನೀನೇ ಬಾ" ಅಂದ. ಸಂತೋಷವಾಗಿ ಹೋದಳು.

ಹೋಟೆಲೊಂದರ ಮೇಲಂತಸ್ತಿನ ಹಾಲ್. ಇಸ್ತ್ರಿ ಬಟ್ಟೆಯ ಗಂಡಸರು, ಹೆಂಗಸರು ಸಾಲಾಗಿ ಕೂತಿದ್ದರು. ಎಲ್ಲರ ಮುಂದೆ ಅಣ್ಣ ಮೈಕು ಹಿಡಿದು ನಿಂತಿದ್ದ. ಬಜಾರಿ ಕಕ್ಕಸು ತೊಳೆದು ಮುಗಿಸಿ, ಚೀಲ ಹಿಡಿದು ಪೇಪರ್ ಲೋಟಗಳನ್ನು ಎತ್ತುತ್ತ ಸಾಲು ಸಾಲು ಬರುತ್ತಿದ್ದಳು.

"ಒಂಟಿ ಮನೆ ಕೊಳ್ಳಬೇಡಿ" ಅನ್ನುತ್ತಿದ್ದ ಅಣ್ಣ. "ದೊಡ್ಡ ಕಟ್ಟಡಕ್ಕೂ ಕೈ ಹಾಕಬೇಡಿ, ಅಲ್ಲಿ ದೊಡ್ಡವರಿರ್ತಾರೆ. ಮೂರು, ನಾಲ್ಕು ಸಂಸಾರ ಬಾಡಿಗೆಗಿರೋ ಸಣ್ಣ ಕಟ್ಟಡ ಹುಡುಕಿ. ಮಾಲೀಕರಿಗೆ ವಯಸ್ಸಾಗಿರಬೇಕು. ಅಲ್ಲೇ ವಾಸ ಇರಬೇಕು. ಬಾಡಿಗೆಯಲ್ಲೇ ಬದುಕ್ತಿರಬೇಕು. ಎರಡು ಮನೆ ಖಾಲಿ ಬಿದ್ರೆ ಅವರಿಗೆ ನಿದ್ದೆ ಬರಬಾರದು. ಅಂಥವರು ಮಾರ್ಕೆಟ್ ಬೆಲೆ ಕೇಳಲ್ಲ. ಹೇಗೋ ಕೈ ತೊಳಕೊಂಡ್ರೆ ಸಾಕು ಅಂತಿರ್ತಾರೆ."

ಯಾರೋ ಕೈ ಎತ್ತಿದರು. "ಮನೆ ಖಾಲಿ ಬೀಳದೇ ಇದ್ರೆ ಸಾರ್?"

ಅಣ್ಣ ನಕ್ಕ. "ಬೀಳೋ ಹಾಗೆ ಮಾಡೋದು. ನೀರು ಕಟ್ ಮಾಡೋದು, ರೌಡಿ ಕಳಿಸೋದು ಎಲ್ಲಾ ಹಳೇ ಕಾಲದ್ದು. ಕೇಸಾಗುತ್ತೆ. ನೀವು ಅಲ್ಲೇ ಒಂದು ಮನೆ ಬಾಡಿಗೆಗೆ ಹಿಡೀರಿ. ಸರಿಯಾದ ಜನರನ್ನ ತಂದು ಕೂರಿಸಿ. ನಾನೊಂದು ಸಂಸಾರ ಸಾಕಿದೀನಿ. ಚರಂಡಿ ಕೆಲಸದವರು. ಎಲ್ಲಿ ಇಟ್ರೂ ಮಳೆಗಾಲ ಮುಗಿಯೋದ್ರೊಳಗೆ ಕಟ್ಟಡ ಖಾಲಿ. ಬಟ್ಟೆ ಮುಂದೆ ಒಣಹಾಕಿ ಅಂತ ಹೇಳಿದೀನಿ, ಅಷ್ಟೇ. ಇದರಲ್ಲಿ ಕಾನೂನು ತಪ್ಪೇನಿದೆ ಹೇಳಿ? ಸಮಾನತೆ ತಾನೆ."

ಇಡೀ ಹಾಲ್ ನಕ್ಕಿತು. ಬರೆದುಕೊಳ್ಳುವವರು ಬರೆದುಕೊಂಡರು.

ಬಜಾರಿಯ ಕೈಯಲ್ಲಿದ್ದ ಲೋಟ ಮುದುಡಿ, ತಳದಲ್ಲಿದ್ದ ಟೀ ಮೊಣಕೈವರೆಗೆ ಇಳಿಯಿತು. ತಲೆ ಎತ್ತಿದಳು. ಅಣ್ಣ ಅವಳನ್ನೇ ನೋಡುತ್ತಿದ್ದ. ಗಾಬರಿಯಾಗುತ್ತಾನೆ ಅಂದುಕೊಂಡಳು. ಮುಖ ಮರೆಸಿಕೊಳ್ಳುತ್ತಾನೆ ಅಂದುಕೊಂಡಳು. ಅವನು ಮೈಕನ್ನು ಸ್ವಲ್ಪ ಪಕ್ಕಕ್ಕೆ ಹಿಡಿದು, "ತಂಗಿ, ಆ ಕೊನೇ ಸಾಲಲ್ಲೂ ಲೋಟ ಇವೆ ನೋಡು" ಎಂದ. ಆಮೇಲೆ ಪಾಠ ಮುಂದುವರಿಸಿದ.

ಅವಳಿಗೆ ಕಿವಿ ಇದೆಯೆಂಬುದು ಅವನ ತಲೆಗೇ ಹೊಳೆದಿರಲಿಲ್ಲ. ಅಲ್ಲಿದ್ದ ಕುರ್ಚಿಗಾದರೂ ಅವನು ಅವಳಿಗಿಂತ ಹೆಚ್ಚು ಅಂಜುತ್ತಿದ್ದನೇನೋ, ಕುರ್ಚಿ ಮುರಿದರೆ ಹೋಟೆಲಿನವರು ಕೇಳುತ್ತಾರೆ. ಬಜಾರಿ ಕೊನೆಯ ಸಾಲಿಗೆ ಹೋದಳು. ಲೋಟ ಎತ್ತಿದಳು. ಬಸ್ ಸ್ಟ್ಯಾಂಡನ್ನೇ ನಡುಗಿಸುವ ಅವಳ ಬಾಯಿ ಆವತ್ತು ತೆರೆಯಲಿಲ್ಲ. ಅವನು ಆಡಿದ ಮಾತಿಗಿಂತ, ತಾನು ಬಾಯಿ ಮುಚ್ಚಿಕೊಂಡು ಲೋಟ ಎತ್ತಿದ್ದೇ ಅವಳನ್ನು ದಾರಿಯುದ್ದಕ್ಕೂ ಸುಟ್ಟಿತು.

ಮನೆಗೆ ಬಂದು ಎಲ್ಲವನ್ನೂ ಹೇಳಿದಳು. ಗಂಡ ಗೋಡೆಗೊರಗಿ ಕೂತು ಕಾಲಿನ ಗಾಯಕ್ಕೆ ಬಟ್ಟೆ ಸುತ್ತುತ್ತಿದ್ದ. ಸುತ್ತುವುದನ್ನು ನಿಲ್ಲಿಸಲಿಲ್ಲ.

"ಸರಿ. ಈಗೇನು ಮಾಡ್ಬೇಕಂತೀಯ?" ಎಂದ.

"ಏನು ಮಾಡ್ಬೇಕಾ? ನಮ್ಮ ನಾತಾನ ಮಾರಿ ತಿಂತಿದಾನೆ ಅವನು."

"ತಿನ್ಲಿ. ನಮಗೂ ಸೂರು ಸಿಕ್ತಲ್ಲ. ಮತ್ತೆ ಮೋರಿ ಪಕ್ಕಕ್ಕೆ ಹೋಗ್ತೀಯಾ? ಅಮ್ಮನ ಮಂಡಿ ನೋಡು. ಅಲ್ಲಾ, ಎಲ್ಲಾರೂ ಬೈದು ಓಡಿಸ್ತಾರೆ. ಇವನೊಬ್ಬ ಕರೆದು ಕೂರಿಸ್ತಾನೆ. ಯಾಕೆ ಕೂರಿಸಿದ ಅಂತ ಕೇಳೋಕೆ ನಾವ್ಯಾರು?"

"ಮನುಷ್ಯರು."

"ಅದನ್ನ ಗುಂಡಿಗೆ ಇಳಿದು ಹೇಳು" ಎಂದ ಗಂಡ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅದನ್ನೇ ಅವಳಿಗೆ ತಡೆಯಲಾಗಲಿಲ್ಲ. ಹೊರಗೆ ಹೋಗಿ ಅಂಗಳದಲ್ಲಿ ಅತ್ತಳು.

ಅತ್ತೆ ಮೂಲೆಯಿಂದ ಎಲ್ಲ ಕೇಳಿಸಿಕೊಂಡಿದ್ದಳು. ಸೊಸೆ ಒಳಗೆ ಬಂದ ಮೇಲೆ ಬೊಚ್ಚು ಬಾಯಲ್ಲಿ ನಕ್ಕಳು. "ಸೊಳ್ಳೆ ಓಡಿಸೋಕೆ ಹೊಗೆ ಹಾಕ್ತಾರಲ್ಲ, ಹಂಗೆ ನಮ್ಮನ್ನ ಹಾಕಿದಾನೆ ಅನ್ನು. ಸೊಳ್ಳೆ ಹೋದ ಮೇಲೆ ಕಿಟಕಿ ತೆಗೆದು ಹೊಗೇನೂ ಹೊರಗೆ ಬಿಡ್ತಾರೆ" ಅಂದಳು. ಆಮೇಲೆ ಕೋಲನ್ನು ಹತ್ತಿರ ಎಳೆದುಕೊಂಡು, "ನನ್ನ ಮಂಡಿ ನೆಪ ಮಾಡ್ಕೊಂಡು ಯಾರೂ ತಲೆ ತಗ್ಗಿಸಬೇಡಿ. ಪೊದೆ ಎಲ್ಲೂ ಓಡಿ ಹೋಗಲ್ಲ" ಅಂದಳು.

ಬೆಳಗ್ಗೆ ಬಜಾರಿ ಹೊಲಿಗೆಯಮ್ಮನ ಬಾಗಿಲಿಗೆ ಹೋದಳು. ಹೊಸ್ತಿಲಾಚೆಯೇ ನಿಂತು ಹೇಳಿದಳು. ಅವನು ಕಟ್ಟಡ ಖಾಲಿ ಮಾಡಿಸಲೆಂದೇ ತಮ್ಮನ್ನು ತಂದು ಇಟ್ಟಿದ್ದಾನೆ, ಬೆಲೆ ಬೀಳಿಸಿ ಕೊಳ್ಳುತ್ತಾನೆ, ಮೊದಲಿನ ಎರಡು ಕಟ್ಟಡಗಳಲ್ಲೂ ಇದನ್ನೇ ಮಾಡಿದ, ಮಾರಬೇಡಿ ಎಂದಳು. ಹೊಲಿಗೆಯಮ್ಮ ಮಷೀನಿನ ಮುಂದೆ ಕೂತೇ ಕೇಳಿಸಿಕೊಂಡಳು. ಅವಳ ಕಣ್ಣು ತುಂಬಿ ಬಂತು.

"ನನ್ನ ಕಾಲು ಬಿದ್ದು ಹೋಗೋವರೆಗೂ ತುಳಿದು ಕಟ್ಟಿದ ಮನೆ ಕಣಮ್ಮ ಇದು" ಅಂದಳು.

"ಅದಕ್ಕೇ ಹೇಳ್ತಿರೋದು ಅಮ್ಮಾ. ಮಾರಬೇಡಿ. ಬಾಡಿಗೆ ನಾವು ಕೊಡ್ತೀವಿ, ನಿಮ್ಮ ಕೈಗೇ. ಖಾಲಿ ಇರೋ ಮನೆಗೂ ನಮ್ಮ ಪೈಕಿ ಜನ ಇದಾರೆ. ಗಂಡ ಹೆಂಡತಿ ಇಬ್ಬರೂ ದುಡಿಯೋರು. ತಪ್ಪದೆ ಕೊಡ್ತಾರೆ."

ಹೊಲಿಗೆಯಮ್ಮ ಕಣ್ಣೊರೆಸಿಕೊಂಡು ಅವಳನ್ನು ನೋಡಿದಳು. ಮಾತು ಮೆತ್ತಗಿತ್ತು. "ಬೇಜಾರು ಮಾಡ್ಕೋಬೇಡ. ನೀವು ನಾಳೆಯೇ ಬಿಟ್ಟು ಹೋದ್ರೂ, ನೀವಿದ್ದ ಮನೆಗೆ ಇನ್ನು ಯಾರು ಬರ್ತಾರೆ? ನಿಮ್ಮ ಜನಾನೇ ತುಂಬಿಕೊಂಡ್ರೆ ನಾನು ಇಲ್ಲಿ ಹೇಗಿರ್ಲಿ? ಸಿಕ್ಕಷ್ಟು ಸಿಗಲಿ ಅಂತ ಅವನಿಗೆ ಹೂಂ ಅಂದ್ಬಿಟ್ಟಿದೀನಿ."

ಬಜಾರಿಗೆ ಅಯ್ಯೋ ಅನ್ನಿಸಿತು, ಅದರ ಹಿಂದೆಯೇ ಸಿಟ್ಟು ನೆತ್ತಿಗೇರಿತು. ತನ್ನ ಬೆವರಿನ ಮನೆಯನ್ನು ನೀರಿನ ಬೆಲೆಗೆ ಕೊಡಲು ಈ ಹೆಂಗಸು ತಯಾರು, ಬಜಾರಿಯಂಥವಳ ಕೈಯಿಂದ ಬಾಡಿಗೆ ಇಸಿದುಕೊಳ್ಳಲು ತಯಾರಿಲ್ಲ. ಅಣ್ಣ ಬರೀ ಬಿಳಿ ಶರಟು ಹಾಕಿಕೊಂಡು ಬಂದ. ಅವನ ಬಂಡವಾಳವೆಲ್ಲ ಇಂಥವರ ಮೂಗಿನಲ್ಲೇ ಇತ್ತು.

"ಮಷೀನ್ ರಿಪೇರಿ ಆಯ್ತಾ ಅಮ್ಮಾ?" ಎಂದು ಕೇಳಿದಳು. ಹೊಲಿಗೆಯಮ್ಮ ತುಳಿಯುವ ಹಲಗೆಯಿಂದ ಕಾಲು ತೆಗೆದಳು.

ಹೊಲಿಗೆಯಮ್ಮ ಕಟ್ಟಡ ಮಾರಿದಳು. ಮಷೀನನ್ನು ಆಟೋಗೆ ಹೇರಿಕೊಂಡು ತಂಗಿಯ ಮನೆಗೆ ಹೊರಟುಹೋದಳು. ಮಾರನೆಯ ದಿನವೇ ಅಣ್ಣ ನಗುನಗುತ್ತ ಬಂದ. ಗಂಡನೂ ಮನೆಯಲ್ಲೇ ಇದ್ದ.

"ಹೊಸ ಮನೆ ನೋಡಿದೀನಿ ತಂಗಿ. ಶುಕ್ರವಾರ ಟೆಂಪೋ ಕಳಿಸ್ತೀನಿ. ಇಲ್ಲಿ ಬಣ್ಣ ಹೊಡೆಸ್ಬೇಕು. ಕೊಳ್ಳೋ ಪಾರ್ಟಿ ಅವತ್ತೇ ಸಂಜೆ ನೋಡೋಕೆ ಬರ್ತಿದಾರೆ."

"ಹೊಸ ಮನೇಲಿ ಎಷ್ಟು ಸಂಸಾರ ಇವೆ ಅಣ್ಣ?" ಎಂದಳು ಬಜಾರಿ.

"ನಾಲ್ಕೈದು ಇರಬಹುದು."

"ಮಾಲೀಕರಿಗೆ ವಯಸ್ಸಾಗಿದೆಯಾ?"

ಅಣ್ಣ ಅವಳ ಮುಖ ನೋಡಿದ.

"ಬಾಡಿಗೆಯಲ್ಲೇ ಬದುಕ್ತಾರಾ? ಎರಡು ಮನೆ ಖಾಲಿ ಬಿದ್ರೆ ನಿದ್ದೆ ಬರಲ್ವಾ ಅವರಿಗೆ?"

"ಯಾರು ಹೇಳಿಕೊಟ್ರು ನಿನಗೆ ಇದನ್ನೆಲ್ಲ?"

"ನೀವೇ ಹೇಳಿದ್ರಿ. ಮೈಕ್ ಹಿಡ್ಕೊಂಡು. ನಾನು ಲೋಟ ಎತ್ತುತ್ತಿದ್ದೆ."

ಅಣ್ಣ ಗಂಟಲು ಸರಿಮಾಡಿಕೊಂಡ. "ಅದು ವ್ಯಾಪಾರದ ಮಾತು. ನಿನಗೆ ಅರ್ಥ ಆಗಲ್ಲ."

"ನಾವು ಇಲ್ಲಿಂದ ಹೋಗಲ್ಲ."

"ಏನಂದೆ?"

"ಹೋಗಲ್ಲ ಅಂದೆ. ಬಾಡಿಗೆ ಕೊಟ್ಟಿದೀವಿ, ಇನ್ನು ಮುಂದೂ ಕೊಡ್ತೀವಿ. ಇಲ್ಲೇ ಇರ್ತೀವಿ."

ಅಣ್ಣನ ಬಾಯಿಂದ ತಂಗಿ ಅನ್ನುವ ಮಾತು ಉದುರಿಹೋಯಿತು. "ಏಯ್, ಯಾರ ಹತ್ರ ಮಾತಾಡ್ತಿದೀಯ? ಮೋರಿಯಿಂದ ಎತ್ತಿ ತಂದೆ ನಿಮ್ಮನ್ನ. ಶುಕ್ರವಾರ ಸಾಮಾನು ಬೀದಿಯಲ್ಲಿರುತ್ತೆ ನೋಡ್ತಿರು" ಎಂದವನು ಗಂಡನ ಕಡೆ ತಿರುಗಿ, "ಏನಯ್ಯ, ಹೆಂಡತಿಗೆ ಸ್ವಲ್ಪ ಬುದ್ಧಿ ಹೇಳು" ಎಂದ. ಗಂಡ ನೆಲ ನೋಡುತ್ತ, "ಹೂಂ" ಅಂದ.

ಅವನು ಹೂಂ ಅಂದದ್ದು ಬಜಾರಿಯ ಎದೆಗೆ ನಾಟಿತು. ಗುರುವಾರ ರಾತ್ರಿ ಅವನು ತನ್ನ ಬಟ್ಟೆಗಳನ್ನು ಗಂಟು ಕಟ್ಟಿ ಹೊಸ್ತಿಲ ಪಕ್ಕ ಇಟ್ಟ. ಶುಕ್ರವಾರ ಬೆಳಗ್ಗೆ ಗಂಟನ್ನು ಅಲ್ಲೇ ಬಿಟ್ಟು ಕೆಲಸಕ್ಕೆ ಹೋದ. ಬಜಾರಿ ಬಸ್ ಸ್ಟ್ಯಾಂಡಿಗೆ ರಜೆ ಹೇಳಿ ಮನೆಯಲ್ಲೇ ಉಳಿದಳು. ಸುಮ್ಮನೆ ಕಾಯಲಾಗದೆ ಒಗೆಯಲು ಕೂತಳು. ಗಂಡನ ಹಳೆಯ ಚಡ್ಡಿ, ಬನಿಯನ್ನು, ಗೋಣಿತಾಟು, ಮನೆಯಲ್ಲಿದ್ದ ಚರಂಡಿ ಬಟ್ಟೆಯನ್ನೆಲ್ಲ ಎಳೆದು ಹಾಕಿಕೊಂಡು, ಒಗೆದದ್ದನ್ನು ಒಗೆದ ಹಾಗೆ ಮುಂದಿನ ಹಗ್ಗಕ್ಕೆ ಹರವತೊಡಗಿದಳು.

ಮಧ್ಯಾಹ್ನ ಕಳೆದ ಮೇಲೆ ಟೆಂಪೋ ಬಂತು. ಹಿಂದಿನಿಂದ ಇಬ್ಬರು ಕೂಲಿಗಳು ಇಳಿದರು, ಮುಂದಿನಿಂದ ಅಣ್ಣ ಇಳಿದ. "ಎಲ್ಲಾ ಎತ್ತಿ ಹಾಕ್ರೋ. ಬೇಗ" ಎಂದ.

ಕೂಲಿಗಳು ಗೇಟಿನ ಹತ್ತಿರ ಬಂದು ನಿಂತರು. ಗಳದ ತುದಿಯಲ್ಲಿ ಕಪ್ಪು ಕೆಸರು ಒಣಗಿ ಅಂಟಿತ್ತು. ಕೆಸರು ಬಕೆಟ್ಟಿನ ಮೇಲೆ ನೊಣ ಗುಂಯ್‌ಗುಡುತ್ತಿದ್ದವು. ಒಬ್ಬ ಹಿಂದಕ್ಕೆ ಸರಿದ.

"ಇದು ಯಾರ ಸಾಮಾನು ಸಾರ್?"

"ಯಾರದಾದ್ರೇನೋ? ಎತ್ತು."

"ಚರಂಡಿಯವರ ಸಾಮಾನು ನಾವು ಮುಟ್ಟಲ್ಲ ಸಾರ್. ಮೊದಲೇ ಹೇಳ್ಬೇಕಿತ್ತು ನೀವು."

"ಎರಡು ಪಟ್ಟು ಕೂಲಿ ಕೊಡ್ತೀನಿ."

"ಹತ್ತು ಪಟ್ಟು ಕೊಟ್ರೂ ಬೇಡ. ಮನೇಲಿ ಹೆಂಡತಿ ಒಳಗೆ ಸೇರಿಸಲ್ಲ" ಎಂದು ಇನ್ನೊಬ್ಬ ಟೆಂಪೋ ಹತ್ತಿ ಕೂತ.

ಬಜಾರಿಗೆ ಖುಷಿಯಾಗಲಿಲ್ಲ. ಹೊಟ್ಟೆ ಉರಿಯಿತು. ಆ ಕೂಲಿಯೂ ಅವಳಂತೆಯೇ ಬೆನ್ನು ಮುರಿಯುವವನು. ಅವನಿಗೂ ಅವಳು ಹೊಲಸು. ಹುಟ್ಟಿದಾಗಿನಿಂದ ಮೈಮೇಲೆ ಬೀಳುತ್ತಿದ್ದ ಆ ಹೇಸಿಗೆ, ಈಗ ಗೇಟಿಗೆ ಅಡ್ಡವಾಗಿ ಗೋಡೆಯ ಹಾಗೆ ನಿಂತು ಅವಳ ಮನೆ ಕಾಯುತ್ತ ಇತ್ತು. ಎಂಥ ಕಾವಲು ಇದು ಅನ್ನಿಸಿತು.

"ಪೊಲೀಸ್ ಕರೆಸ್ತೀನಿ" ಎಂದ ಅಣ್ಣ.

"ಕರೆಸಿ" ಎಂದಳು ಅವಳು. "ಅವರಲ್ಲಿ ಯಾರು ನಮ್ಮತ್ತೇನ ಮುಟ್ಟಿ ಎತ್ಕೊಂಡು ಹೊರಗೆ ತರ್ತಾರೆ ನೋಡೋಣ. ನಮ್ಮನ್ನ ಇಟ್ಟ ಕಡೆ ಯಾರೂ ಬರಲ್ಲ ಅಂತ ಪಾಠ ಹೇಳಿದೋರು ನೀವೇ ಅಲ್ವಾ?"

ಒಳಗಿನಿಂದ ಅತ್ತೆ, "ಎತ್ಕೊಂಡು ಹೋಗೋದಾದ್ರೆ ನಿಧಾನಕ್ಕೆ ಎತ್ರಪ್ಪ, ಮಂಡಿ ನೋಯುತ್ತೆ" ಎಂದು ಕೂಗಿದಳು.

ಅಷ್ಟರಲ್ಲಿ ಗೇಟು ಕಿರುಗುಟ್ಟಿತು. ಗಂಡ ಬಂದಿದ್ದ. ಪಂಪ್‌ಹೌಸಿನಲ್ಲೂ ತೊಳೆದುಕೊಂಡಿರಲಿಲ್ಲ, ದಾರಿಯಲ್ಲೂ ಒರೆಸಿಕೊಂಡಿರಲಿಲ್ಲ. ಗುಂಡಿಯಿಂದ ಎದ್ದವನು ಎದ್ದ ಹಾಗೇ ನಡೆದು ಬಂದಿದ್ದ. ತಲೆಯಿಂದ ಕಾಲಿನವರೆಗೆ ಕೆಸರು ಇಳಿಯುತ್ತಿತ್ತು. ಅಣ್ಣ ಎರಡು ಹೆಜ್ಜೆ ಹಿಂದಕ್ಕೆ ಹಾರಿದ. ಗಂಡ ಅವನ ಪಕ್ಕದಲ್ಲೇ ಹಾದು, ಹೊಸ್ತಿಲ ಪಕ್ಕ ತಾನು ಕಟ್ಟಿಟ್ಟಿದ್ದ ಗಂಟನ್ನು ಎಳೆದುಕೊಂಡ. ಎತ್ತಿಕೊಂಡು ಹೋಗಿಬಿಡುತ್ತಾನೆ ಎಂದು ಬಜಾರಿಯ ಜೀವ ಬಾಯಿಗೆ ಬಂತು. ಅವನು ಅದನ್ನು ಬಾಗಿಲಿಗೆ ಅಡ್ಡವಾಗಿ ಹಾಕಿ, ಅದರ ಮೇಲೆ ಕೂತ.

"ನೀರು ಕೊಡು" ಎಂದ ಹೆಂಡತಿಗೆ. ಅವಳು ಕೊಟ್ಟಳು. ಅವನು ಒಂದೇ ಗುಟುಕಿಗೆ ಕುಡಿದು ಲೋಟ ಪಕ್ಕಕ್ಕಿಟ್ಟ. ಜಾಗ ಬಿಟ್ಟು ಏಳಲಿಲ್ಲ. ನಾಳೆ ಏನು ಕಾದಿದೆಯೋ ಇಬ್ಬರಿಗೂ ಗೊತ್ತಿರಲಿಲ್ಲ. ಅಣ್ಣನಿಗೆ ಹಣವಿತ್ತು, ಜನರಿದ್ದರು. ಇವತ್ತು ಬಾರದವರು ನಾಳೆ ಬರಬಹುದು. ಕತ್ತಲಲ್ಲಿ ಬರಬಹುದು.

ಟೆಂಪೋ ಖಾಲಿಯಾಗಿಯೇ ಹೋಯಿತು. ಬೀದಿಯ ತುದಿಯಲ್ಲಿ ಒಂದು ದೊಡ್ಡ ಕಾರು ತಿರುಗಿತು. ಅಣ್ಣನ ಮುಖ ಬಿಳಿಚಿತು.

"ಪಾರ್ಟಿ ಬಂದ್ರು" ಎಂದು ದನಿ ತಗ್ಗಿಸಿದ. "ನೋಡು, ಮನೆ ಖಾಲಿ ಮಾಡೋ ವಿಷಯ ಆಮೇಲೆ ಮಾತಾಡೋಣ. ತಂಗಿ, ಇವತ್ತೊಂದಿನ ಆ ಬಟ್ಟೇನ ಹಿಂದೆ ಒಣಹಾಕಮ್ಮ. ಕೈ ಮುಗೀತೀನಿ."

ಬಜಾರಿ ಒಗೆದ ಬಟ್ಟೆಯ ಬಕೆಟ್ಟನ್ನು ಎತ್ತಿಕೊಂಡು ಹಗ್ಗದ ಹತ್ತಿರ ಬಂದಳು.

"ನನಗೆ ಪುರುಸೊತ್ತಿಲ್ಲ ಅಣ್ಣ. ನೀವೇ ತೆಗೀರಿ. ಸಂಕೋಚ ಪಡಬೇಡಿ."

ಅಣ್ಣ ಕಾರಿನ ಕಡೆ ನೋಡಿದ. ಹಗ್ಗದ ಮೇಲಿದ್ದ ಚಡ್ಡಿಯ ಕಡೆ ನೋಡಿದ. ಬಿಳಿ ತೋಳನ್ನು ಮೇಲಕ್ಕೆ ಸರಿಸಿ ಕೈ ಚಾಚಿದ. ಬೆರಳುಗಳು ಬಟ್ಟೆಯ ಹತ್ತಿರದವರೆಗೆ ಹೋದವು, ಅಲ್ಲೇ ನಿಂತವು. ಕಾರು ಹಾರ್ನ್ ಹೊಡೆಯಿತು. ಬಜಾರಿ ಬಕೆಟ್ಟಿನಿಂದ ಗಂಡನ ಇನ್ನೊಂದು ಬನಿಯನ್ನು ತೆಗೆದು, ಹಿಂಡಿ, ಜೋರಾಗಿ ಕೊಡವಿ, ಅವನ ಕೈಯ ಪಕ್ಕದಲ್ಲೇ ಹರವಿದಳು.